ನೋಡುವ ಕೆಲಸ

ಗುಂಡಕ್ಕ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು. ಆಟಗಾರರೇ ತಮ್ಮ ಕೈಯಾರೆ ಮುಚ್ಚಬೇಕು, ಬೇರೆ ಯಾರೂ ಮುಟ್ಟುವಂತಿಲ್ಲ ಎಂಬುದು ನಿಯಮ. ಒಮ್ಮೆ ಬಿಗಿದರೆ ಒಡೆಯದೆ ತೆಗೆಯಲಾಗದ ಮುಚ್ಚಳ ಅದು. ಒಳಗೆ ಹಲ್ಲುಗಳಿದ್ದು, ತಿರುಗಿಸಿದ ಹಾಗೆಲ್ಲ ಕಟ್ ಕಟ್ ಎನ್ನುತ್ತಿತ್ತು. ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ ಹಸಿರು ಜಾಕೀಟಿನ ಹುಡುಗಿಗೆ ಆ ಸದ್ದು ತನ್ನ ಬಾಯೊಳಗೇ ಹುಟ್ಟುತ್ತಿರುವಂತೆ ಅನಿಸಿ ದವಡೆ ಬಿಗಿಹಿಡಿದಳು. ನಾನು ನೋಡಿಲ್ಲ. ಸ್ವಲ್ಪ ಹೊತ್ತಿನ ಮುಂಚೆ ಮೇಜಿನಾಚೆಯಿಂದ ಡಾಕ್ಟರಮ್ಮ, ನೆಗಡಿಯಾದ ಮೂಗನ್ನು ಒರೆಸಿಕೊಳ್ಳುತ್ತಲೇ, "ಸರಿಯಾಗಿ ನೋಡಿದೆ ತಾನೇ?" ಎಂದು ಕೇಳಿದ್ದರು, ಅವಳು "ಹೂಂ" ಎಂದಿದ್ದಳು. ಹೂಂ ಎನ್ನುವುದು ಅವಳಿಗೆ ಮೊದಲಿನಿಂದಲೂ ಉಸಿರಿನಷ್ಟೇ ಸಲೀಸು. ಊಟ ಆಯ್ತಾ ಎಂದರೆ ಹಸಿದಿದ್ದರೂ ಹೂಂ. ಅರ್ಥ ಆಯ್ತಾ ಎಂದರೆ ಆಗದಿದ್ದರೂ ಹೂಂ. ಹೂಂ ಅಂದುಬಿಟ್ಟರೆ ಎದುರಿನವರು ಮುಂದಿನ ಮಾತಿಗೆ ಹೋಗುತ್ತಾರೆ, ಅವರ ಕಣ್ಣು ನಮ್ಮ ಮೇಲಿನಿಂದ ಏಳುತ್ತದೆ, ಮತ್ತೆ ನಮ್ಮ ಪಾಡಿಗೆ ನಾವಿರಬಹುದು. ಈ ಹೂಂ ಮಾತ್ರ ಎಲ್ಲಿಗೂ ಹೋಗಲಿಲ್ಲ. ಪ್ರೇಕ್ಷಕರ ಮೆಟ್ಟಿಲುಗಳ ಅಡಿಯ ಕೋಣೆ ಅದು. ಚಾವಣಿ ಒಂದು ಕಡೆ ಇಳಿಜಾರಾಗಿ ನೆಲಕ್ಕೆ ಬಗ್ಗಿತ್ತು, ಮೇಲೆ ಜನ ಓಡಾಡುವ ದಡಬಡ ಸದ್ದು ನಿಲ್ಲುತ್ತಲೇ ಇರಲಿಲ್ಲ. ಅವಳು ಅಂದ ಹೂಂ ಆ ಇಳಿಜಾರಿನಲ್ಲಿ ಉರುಳಿ ಬಂದು ಅವಳ ಕಾಲಬುಡದಲ್ಲೇ ಬಿದ್ದುಕೊಂಡಿತ್ತು.

ನೋಡುವುದೇ ಅವಳ ಕೆಲಸ. ಉದ್ದೀಪನ ಮದ್ದಿನ ಪರೀಕ್ಷೆಗೆ ಆರಿಸಿದ ಆಟಗಾರ್ತಿಯನ್ನು ಮೈದಾನದಿಂದ ಹಿಡಿದು ಈ ಕೋಣೆಯ ತನಕ ನೆರಳಿನಂತೆ ಹಿಂಬಾಲಿಸಬೇಕು, ಕ್ಷಣವೂ ಕಣ್ಣಿನಿಂದ ಆಚೆ ಬಿಡಬಾರದು. ಆಮೇಲೆ ಪಾಯಿಖಾನೆಯೊಳಗೆ ಎದುರಿಗೇ ನಿಂತು, ಆ ಮೈಯಿಂದಲೇ ಮೂತ್ರ ಹೊರಟು ಆ ಕಪ್ಪಿನೊಳಕ್ಕೇ ಬೀಳುವುದನ್ನು ತನ್ನ ಕಣ್ಣಾರೆ ನೋಡಬೇಕು. ನೋಡಿದೆ ಎಂದು ಸಹಿ ಹಾಕಬೇಕು. ಇಷ್ಟೇ. ಎಂ.ಎ. ಮುಗಿಸಿ ಅರ್ಜಿ ಹಾಕಿ ಹಾಕಿ ಸುಸ್ತಾಗಿದ್ದಾಗ ಸಿಕ್ಕಿದ ಕೆಲಸ. "ಹೆಂಗಸರಿಗೆ ಹೆಂಗಸರೇ ಬೇಕು, ಮತ್ತೆ ನೀನು ಮಾತಾಡಲ್ಲ, ಗುಟ್ಟು ನಿಲ್ಲುತ್ತೆ" ಎಂದು ಮಾವನ ಸ್ನೇಹಿತರೊಬ್ಬರು ಕೊಡಿಸಿದ್ದರು. ಅಮ್ಮ ಪಕ್ಕದ ಮನೆಯವರಿಗೆ ಕ್ರೀಡಾ ವೈದ್ಯಕೀಯ ವಿಭಾಗ ಎಂದು ಹೇಳುತ್ತಿದ್ದಳು. ತಮ್ಮ ಮಾತ್ರ ಬೆಳಿಗ್ಗೆ ಬೂಟು ಹಾಕಿಕೊಳ್ಳುತ್ತಿದ್ದವಳಿಗೆ ಸೆಲ್ಯೂಟ್ ಹೊಡೆದು, "ಉಚ್ಚೆ ಇನ್‌ಸ್ಪೆಕ್ಟರ್ ಮೇಡಂ, ಡ್ಯೂಟಿಗೆ ಹೊರಟ್ರಾ?" ಎನ್ನುತ್ತಿದ್ದ. ಅವಳೂ ನಗುತ್ತಿದ್ದಳು. ನಕ್ಕು ಬೀದಿಗಿಳಿದ ಮೇಲೆ ಬಸ್ಸಿನ ಕಿಟಕಿಯಲ್ಲಿ ತನ್ನ ಮುಖ ಕಂಡರೆ ಅದೂ ಬೇಡವೆನಿಸಿ ಮುಂದಿನ ಸೀಟಿನ ಹಿಂಬದಿಯ ಕಬ್ಬಿಣವನ್ನು ನೋಡುತ್ತ ಕೂರುತ್ತಿದ್ದಳು.

ಇವತ್ತು ಮಧ್ಯಾಹ್ನ ಗುಂಡು ಎಸೆತದ ವೃತ್ತದ ಪಕ್ಕದಲ್ಲಿ, ಎರಡು ಮೈ ಹಿಡಿಸುವಂಥ ಹಸಿರು ಜಾಕೀಟು ತೊಟ್ಟು ಅವಳು ಕಾದು ನಿಂತಿದ್ದಳು. ಗುಂಡಕ್ಕನ ಕೊನೆಯ ಎಸೆತ. ಕತ್ತಿನ ಸಂದಿಗೆ ಗುಂಡನ್ನು, ಎಳೆಗೂಸಿನ ತಲೆಯನ್ನು ಒತ್ತಿಕೊಂಡಂತೆ ಒತ್ತಿಕೊಂಡು, ಬಗ್ಗಿ, ತಿರುಗಿ, ತಳ್ಳಿದಾಗ ಅವಳ ಗಂಟಲಿನಿಂದ ಹೊರಟ ಕೂಗಿಗೆ ಹತ್ತಿರದ ಪಾರಿವಾಳಗಳು ಎದ್ದುಹೋಗಿದ್ದವು. ಗುಂಡು ಬಿದ್ದ ಕಡೆ ಮರಳು ಚಿಮ್ಮಿತು. ಜನ ಎದ್ದು ನಿಂತರು. ಗುಂಡಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಅಂಥ ಹೊತ್ತಿನಲ್ಲೇ ಹೋಗಿ ಹೇಳಬೇಕು. ಮದುವೆಮನೆಗೆ ನುಗ್ಗಿ ನಲ್ಲಿ ರಿಪೇರಿಗೆ ಬಂದಿದ್ದೇನೆ ಎಂದ ಹಾಗೆ. ಮೊಣಕೈ ಮುಟ್ಟಿ, ಗುರುತಿನ ಬಿಲ್ಲೆ ತೋರಿಸಿ, "ನೀವು ಪರೀಕ್ಷೆಗೆ ಆಯ್ಕೆಯಾಗಿದ್ದೀರಿ" ಎಂದಳು. ಅವಳ ಮಾತು ಅವಳಿಗೇ ಕೇಳಿಸಲಿಲ್ಲ.

"ಏನಂದೆ? ಬಾಯಿಬಿಟ್ಟು ಹೇಳು ಮರೀ, ಕಿವೀಲಿ ಇನ್ನೂ ಚಪ್ಪಾಳೆ ಇದೆ."

ಗುಂಡಕ್ಕನದು ಗಂಡಸಿನ ದನಿ. ಬೆಚ್ಚಿ ಒಂದು ಹೆಜ್ಜೆ ಹಿಂದಿಟ್ಟಳು. ಹಿಂದಿಟ್ಟದ್ದು ಗುಂಡಕ್ಕನಿಗೆ ಗೊತ್ತಾಯಿತು ಎಂಬುದು ಇವಳಿಗೂ ಗೊತ್ತಾಗಿ ಕಿವಿಯ ತುದಿ ಬಿಸಿಯಾಯಿತು. ಪಕ್ಕದಲ್ಲಿದ್ದ ಕೋಚ್ ಅವಳನ್ನು, ಅವಳ ದಪ್ಪ ಕನ್ನಡಕವನ್ನು, ಜಾಕೀಟಿನ ತೋಳಿನೊಳಗೆ ಅಡಗಿದ ಬೆರಳುಗಳನ್ನು ಒಂದು ಸಲ ನೋಡಿ ಸಣ್ಣಗೆ ನಕ್ಕರು. "ಹೋಗಮ್ಮ, ಹೋಗು. ಈ ಮೇಡಂ ತುಂಬ ಒಳ್ಳೆಯವರು" ಎಂದರು. ಆ ನಗೆಯಲ್ಲಿ ಒಂದು ನಿರಾಳವಿತ್ತು. ಯಾರಾದರೂ ತನ್ನನ್ನು ನೋಡಿ ನಿರಾಳವಾಗುವುದು ಅಪರೂಪವಾದ್ದರಿಂದ ಅದು ಅವಳಿಗೆ ಹಿತವಾಗಿಯೇ ಇತ್ತು.

ಕಾಯುವ ಕೋಣೆಯಲ್ಲಿ ಗುಂಡಕ್ಕ ನೀರು ಕುಡಿದಳು, ಕಾಲು ಚಾಚಿದಳು, ಎದ್ದು ಅಡ್ಡಾಡಿದಳು. ಅವಳೂ ಎದ್ದು ಹಿಂದೆ ಹಿಂದೆ ಅಡ್ಡಾಡಿದಳು. "ಬಾಲ ಬಂದಿದೆ ನಂಗೆ" ಎಂದು ಗುಂಡಕ್ಕ ನಕ್ಕಳು. ಅವಳ ಮಾತು ಒಂದು ಸಲ ಶುರುವಾದರೆ ನಿಲ್ಲುತ್ತಿರಲಿಲ್ಲ. "ಫೋನ್ ಎತ್ತಿ ಹಲೋ ಅಂದ್ರೆ ಸಾಕು, 'ಹೇಳಿ ಸಾರ್' ಅಂತಾರೆ. ಗ್ಯಾಸಿನವನು ಸಾರ್, ಬ್ಯಾಂಕಿನವಳು ಸಾರ್. ಮೊದಮೊದಲು 'ನಾನು ಹೆಂಗಸಪ್ಪಾ' ಅಂತ ಕಿರುಚ್ತಿದ್ದೆ. ಈಗ ಹೇಳಪ್ಪಾ ಅಂದ್ಬಿಡ್ತೀನಿ. ಕೆಲಸ ಬೇಗ ಆಗತ್ತೆ." ಮತ್ತೆ ನಗು. ನಗುವಾಗ ಅವಳು ಗದ್ದವನ್ನು ಅಂಗೈಯಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ಗದ್ದದ ಕೆಳಗೆ ಬೂದು ನೆರಳಿತ್ತು. ಬೆಳಿಗ್ಗೆ ಬ್ಲೇಡು ಆಡಿದ ಚರ್ಮ. "ನೋಡು, ಮಾತಾಡು ಏನಾದ್ರೂ. ನೀನು ಸುಮ್ನಿದ್ರೆ ಶಾಲೇಲಿ ತಪ್ಪು ಮಾಡಿ ಹೆಡ್‌ಮಾಸ್ಟ್ರ ಮುಂದೆ ಕೂತ ಹಾಗೆ ಆಗತ್ತೆ." ಏನು ಮಾತಾಡುವುದು? "ಕೈ ನೋಯತ್ತಾ?" ಎಂದಳು. ಗುಂಡಕ್ಕ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ, ಯಾರದೋ ಕೈ ಎಂಬಂತೆ ನೋಡಿದಳು. "ಕೈ ಏನೂ ಅನ್ನಲ್ಲ. ಎದೆನೇ ಒಂದೊಂದ್ ಸಲ ಸುಮ್ನೆ ಕೂತಿದ್ರೂ ಓಡತ್ತೆ, ಬಸ್ಸು ತಪ್ಪಿಸ್ಕೊಂಡವರ ಹಾಗೆ" ಎಂದವಳು ತಟ್ಟನೆ ಎದ್ದು, "ಬಾ, ಬಂತು" ಎಂದಳು.

ಪಾಯಿಖಾನೆಯಲ್ಲಿ ಏನಾಯಿತು? ಎಷ್ಟು ಸಲ ನೆನೆದುಕೊಂಡರೂ ಅವಳ ಕಣ್ಣ ಮುಂದೆ ಬರುವುದು ಒಂದು ಟೈಲು. ಬಿಳಿಯ ಟೈಲು, ಮೂಲೆಯಲ್ಲಿ ಬಿರುಕು, ಬಿರುಕಿಗೆ ಅಂಟಿದ ಒಂದು ಒದ್ದೆ ಕೂದಲು. ಅಂಗಿಯನ್ನು ಎದೆಯ ತನಕ ಎತ್ತಿ, ತೋಳನ್ನು ಮೊಣಕೈ ತನಕ ಮಡಚಿ, ಚಡ್ಡಿಯನ್ನು ಮೊಣಕಾಲಿಗೆ ಇಳಿಸಬೇಕು ಎಂದು ಅವಳು ಪಾಠ ಒಪ್ಪಿಸಿದ್ದಳು. ಗುಂಡಕ್ಕ ತಿರುಗಿ ನಿಂತು ಬಟ್ಟೆ ಸಡಿಲಿಸಿದ ಸರಬರ ಕೇಳಿಸಿತ್ತು. ಅಷ್ಟರಲ್ಲಿ ಕಣ್ಣು ತಾನಾಗಿ ಗೋಡೆಗೆ ಹೋಗಿತ್ತು. ಕಣ್ಣಿಗೆ ಯಾವಾಗಲೂ ಅದೇ ಚಾಳಿ. ಹಾಸ್ಟೆಲಿನ ಸ್ನಾನದ ಮನೆಯಲ್ಲಿ ಹುಡುಗಿಯರು ಟವೆಲು ಸುತ್ತಿಕೊಂಡು ಕಿಚಾಯಿಸುತ್ತಿದ್ದರೆ ಅವಳು ಬಕೀಟಿನ ತಳ ನೋಡುತ್ತಿದ್ದಳು. ಒಂದು ದಿನ ಅಮ್ಮ ಅಡುಗೆಮನೆಯಿಂದ ಬಂದು ತನ್ನ ರವಿಕೆಯ ಗುಂಡಿ ಬಿಚ್ಚಿ, "ಇಲ್ಲೊಂದು ಗಂಟು ಸಿಗ್ತಿದೆ ಕಣೇ, ಕೈಯಿಟ್ಟು ನೋಡು" ಎಂದಾಗ, ಆ ಸಡಿಲ, ಬಿಳಿಚಿದ ಮೊಲೆಯನ್ನು, ತಾನು ಹಾಲು ಕುಡಿದ ಅದನ್ನೇ, ನೋಡಲಾಗದೆ ಕಿಟಕಿಯತ್ತ ತಿರುಗಿ, "ನಾಳೆ ಡಾಕ್ಟರ ಹತ್ರ ಹೋಗೋಣಮ್ಮ" ಎಂದಿದ್ದಳು. ಡಾಕ್ಟರು ಕೊಬ್ಬಿನ ಗಂಟು, ಏನೂ ಇಲ್ಲ ಎಂದರು. ಏನೂ ಆಗಲಿಲ್ಲ ನಿಜ. ಆದರೆ ಅಲ್ಲಿಂದ ಮುಂದೆ ಅಮ್ಮ ಕಾಲಿಗೆ ಮುಳ್ಳು ಚುಚ್ಚಿದರೂ ತಮ್ಮನನ್ನೇ ಕರೆಯತೊಡಗಿದಳು. ಟೈಲಿನ ಬಿರುಕಿಗಂಟಿದ ಕೂದಲನ್ನು ನೋಡುತ್ತ ಅವಳು ಕಪ್ಪಿಗೆ ಬೀಳುವ ಸದ್ದನ್ನು ಕೇಳಿಸಿಕೊಂಡಿದ್ದಳು. ಸಣ್ಣ, ಒಂದೇ ಸಮನಾದ, ಏರಿಳಿತವಿಲ್ಲದ ಸದ್ದು. ಕೇಳುವುದೂ ನೋಡಿದ ಹಾಗೇ ಅಲ್ಲವೇ ಎಂದುಕೊಂಡಿದ್ದಳು.

ಅಷ್ಟೇ ಆಗಿದ್ದರೆ ಅದು ಹಿಂದಿನ ದಿನಗಳ ಹಾಗೆ ಮುಗಿದುಹೋಗುತ್ತಿತ್ತು. ಆದರೆ ಕೈ ತೊಳೆಯುವಾಗ ಗುಂಡಕ್ಕ ಕನ್ನಡಿಯಲ್ಲಿ ಅವಳನ್ನು ಹುಡುಕಿ, ನಲ್ಲಿಯ ನೀರಿನ ಸದ್ದಿಗಿಂತ ತಗ್ಗಿದ ದನಿಯಲ್ಲಿ, "ನೀನು ನೋಡ್ಲಿಲ್ಲ. ದೊಡ್ಡ ಉಪಕಾರ ಆಯ್ತು ಮರೀ" ಎಂದಿದ್ದಳು. ಒದ್ದೆ ಕೈಯಿಂದ ಇವಳ ಮುಂಗೈಯನ್ನು ಒಂದು ಸಲ ಒತ್ತಿಯೂ ಇದ್ದಳು. ಯಾವ ಉಪಕಾರ? ಇಷ್ಟು ದೊಡ್ಡ ಮೈಯಿಟ್ಟುಕೊಂಡು ನಾಚಿಕೆ ಪಡುವ ಹೆಂಗಸಿನ ಮಾನ ಉಳಿಸಿದ್ದಕ್ಕೋ? ಅಥವಾ? ಆ 'ಅಥವಾ' ಕಾಲಿಗೆ ಸಿಕ್ಕಿದ ದಾರದಂತೆ ಕಾರಿಡಾರಿನುದ್ದಕ್ಕೂ ಅವಳ ಜೊತೆಗೇ ಎಳೆದುಕೊಂಡು ಬಂದಿತ್ತು.

ಈಗ ಅದೇ ಮೂತ್ರ ಹಂಚಿ ತುಂಬಿದ ಎರಡನೆಯ ಬಾಟಲಿಯೂ ಮುಚ್ಚಿ ಆಯಿತು. ಗುಂಡಕ್ಕ ಅದನ್ನು ತಲೆಕೆಳಗು ಮಾಡಿ ಸೋರುತ್ತಿಲ್ಲವೆಂದು ತೋರಿಸಿದಳು. ತಿಳಿಹಳದಿಯ ಗುಳ್ಳೆಯೊಂದು ತಳದತ್ತ ಏರಿತು. ಕೋಚ್ ಕುರ್ಚಿಗೊರಗಿ, ಡಾಕ್ಟರಮ್ಮನ ನೆಗಡಿಗೆ ಏನೋ ಮನೆಮದ್ದು ಹೇಳುತ್ತಿದ್ದರು. ಡಾಕ್ಟರಮ್ಮ ಕಾಗದವನ್ನು ಅವಳತ್ತ ತಿರುಗಿಸಿ, "ಬಾಮ್ಮಾ, ಸಹಿ ಹಾಕು. ಮುಂದಿನವರು ಕಾಯ್ತಿದ್ದಾರೆ" ಎಂದರು. ಪೆನ್ನು ಹಿಡಿದಳು. ಮುಂಗೈಯ ಮೇಲೆ ಗುಂಡಕ್ಕ ಒತ್ತಿದ ಜಾಗ ಇನ್ನೂ ತಣ್ಣಗಿದ್ದಂತಿತ್ತು. ಹಾಕಿಬಿಟ್ಟರೆ ಆಯಿತು, ಅಷ್ಟೇ. ಹಾಕದಿದ್ದರೆ ಈ ಹೆಂಗಸು ಮತ್ತೆ ಬಟ್ಟೆ ಬಿಚ್ಚಬೇಕು. ಒಂದು ವೇಳೆ ಏನೂ ಇಲ್ಲದಿದ್ದರೆ, ನಿಜವಾಗಿಯೂ ನಾಚಿಕೆಗೇ ಉಪಕಾರವೆಂದಿದ್ದರೆ, ಅವಳ ಒಳ್ಳೆಯ ಮಾತಿಗೆ ತಾನು ಕೊಟ್ಟ ಉತ್ತರ ಎಂಥದ್ದಾಗುತ್ತದೆ! ಒಂದು ವೇಳೆ ಇದ್ದರೆ? ಇದ್ದರೆ ಅವಳ ಪದಕ, ಅವಳ ಕೆಲಸ, ಊರೆಲ್ಲ ಅವಳ ಹೆಸರು. ತನ್ನದೇನು, ಒಂದು ಜಾಕೀಟು. ಕೊಡೆಂದರೆ ಬಿಚ್ಚಿ ಕೊಡುವುದು. ಹಾಗೆಂದು ತಾನು ಕರುಣೆಯಿಂದ ಸುಮ್ಮನಿದ್ದೇನೆಯೇ? ಇಲ್ಲ. ಎಲ್ಲರೂ ತನ್ನ ಕಡೆ ತಿರುಗುವ ಆ ಒಂದು ಗಳಿಗೆಗೆ ಹೆದರಿ ಸುಮ್ಮನಿದ್ದೇನೆ, ಮತ್ತು ಅದಕ್ಕೆ ಕರುಣೆಯ ಹೊದಿಕೆ ಹೊದಿಸುತ್ತಿದ್ದೇನೆ. ಪೆನ್ನಿನ ತುದಿ ಕಾಗದ ಮುಟ್ಟಿ ಒಂದು ಚುಕ್ಕಿಯಾಯಿತು. ಚುಕ್ಕಿ ದೊಡ್ಡದಾಯಿತು.

"ನಾನು ನೋಡಿಲ್ಲ" ಎಂದಳು.

"ಏನು?"

"ನಾನು... ಗೋಡೆ ನೋಡ್ತಿದ್ದೆ, ಮೇಡಂ."

ಮೇಲೆ ಮೆಟ್ಟಿಲಿನಲ್ಲಿ ಯಾರೋ ದಡದಡ ಇಳಿದು ಹೋದರು. ಡಾಕ್ಟರಮ್ಮ ಕೈವಸ್ತ್ರವನ್ನು ಮೂಗಿನಿಂದ ತೆಗೆದರು. "ಈಗ್ತಾನೆ ಹೂಂ ಅಂದ್ಯಲ್ಲ? ದೇವರು ಕಣ್ಣು ಕೊಟ್ಟು, ಅದರ ಮೇಲೆ ಕನ್ನಡಕ ಬೇರೆ ಕೊಟ್ಟಿದ್ದಾನೆ, ಗೋಡೆ ನೋಡೋಕೇನಮ್ಮಾ ನಿನ್ನನ್ನ ಕರ್ಕೊಂಡ್ ಬಂದಿರೋದು?" ಕೋಚ್ ಎದ್ದು ನಿಂತರು, ಚಾವಣಿಗೆ ತಲೆ ತಗುಲಿ ಮತ್ತೆ ಬಗ್ಗಿದರು. ಆ ಭಂಗದಿಂದಲೇ ಅವರ ಸಿಟ್ಟು ಇಮ್ಮಡಿಯಾಯಿತು. "ಏನ್ರೀ ಇದು ಆಟ! ಬಾಟಲಿ ಮುಚ್ಚಿ ಆಗಿದೆ. ಈ ಹುಡುಗಿಗೆ ತಲೆ ಸರಿಯಿಲ್ಲ ಅಂದ್ರೆ ಅದಕ್ಕೆ ನಮ್ಮ ಹುಡುಗಿ ಯಾಕೆ ಅನುಭವಿಸ್ಬೇಕು? ಅವಳು ಬೆಳಿಗ್ಗೆಯಿಂದ ಊಟ ಮಾಡಿಲ್ಲ. ಅವಳಿಗೆ ಎದೆನೋವು ಬರ್ತಿದೆ, ನಾನು ಆಸ್ಪತ್ರೆಗೆ ಕರ್ಕೊಂಡ್ ಹೋಗ್ತೀನಿ."

"ಇಲ್ಲಿ ಡಾಕ್ಟರು ನಾನೇ ಇದ್ದೀನಲ್ಲ" ಎಂದರು ಡಾಕ್ಟರಮ್ಮ. "ಎದೆನೋವು ನಾನೇ ನೋಡ್ತೀನಿ, ಕೂತ್ಕೊಳ್ಳಿ. ಈ ಬಾಟಲಿಗಳೂ ಪ್ರಯೋಗಾಲಯಕ್ಕೆ ಹೋಗತ್ತೆ. ಇವರು ಇನ್ನೊಂದ್ಸಲ ಕೊಡ್ತಾರೆ, ಅದೂ ಹೋಗತ್ತೆ. ಎರಡೂ ಒಬ್ಬರದ್ದೇ ಆದ್ರೆ ನಿಮಗ್ಯಾಕೆ ಇಷ್ಟು ಗಾಬರಿ?"

ಕೋಚ್ ಜೇಬಿನಿಂದ ಫೋನ್ ತೆಗೆದರು. ಎಲ್ಲರೂ ಕೂಗಾಡುವಾಗ ಗುಂಡಕ್ಕ ಒಬ್ಬಳೇ ಕೂಗಾಡಿರಲಿಲ್ಲ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಮೇಜಿನ ಮೇಲಿನ ಬಾಟಲಿಗಳನ್ನು ನೋಡುತ್ತಿದ್ದಳು. ಎರಡೂ ಒಬ್ಬರದ್ದೇ ಆದರೆ ಎಂಬ ಮಾತಿಗೆ ಅವಳ ಭುಜಗಳು, ಯಾರೋ ಮೇಲಿನಿಂದ ಚೀಲವೊಂದನ್ನು ಇಳಿಸಿದಂತೆ, ಮೆಲ್ಲಗೆ ಕೆಳಗಿಳಿದವು. ಅದನ್ನು ನೋಡಿದ ಕೂಡಲೇ ಜಾಕೀಟಿನವಳಿಗೆ ಬಾಟಲಿಯಲ್ಲಿದ್ದುದು ಗುಂಡಕ್ಕನದಲ್ಲವೆಂದು ತಿಳಿದುಹೋಯಿತು. ತಿಳಿದದ್ದೇ ತಡ, ಹೇಳಿದ್ದು ಸರಿಯಾಯಿತು ಎಂಬ ಸಮಾಧಾನ ಬರಬೇಕಿತ್ತು. ಬರಲಿಲ್ಲ. ಬಾಗಿಲು ತೆರೆದು ಹೊರಡುವಾಗ ಡಾಕ್ಟರಮ್ಮ ಅವಳನ್ನು ತಡೆದು, ತಗ್ಗಿದ ದನಿಯಲ್ಲಿ, "ಇವತ್ತೊಂದೇ ಸಲ ತಾನೇ ಹೀಗಾಗಿದ್ದು?" ಎಂದು ಕೇಳಿದರು. ಅವಳು ಬಾಯಿ ತೆರೆದಳು. ಡಾಕ್ಟರಮ್ಮ ಉತ್ತರಕ್ಕೆ ಕಾಯದೆ, ಒಂದು ಸೀನು ಸೀನಿ, ಮುಂದಿನವರನ್ನು ಕರೆದರು.

ಮತ್ತೆ ಕಾಯುವ ಕೋಣೆ. ಮತ್ತೆ ನೀರು. ಕೋಚ್ ಹೊರಗೆ ಯಾರಿಗೋ ಫೋನ್ ಮಾಡುತ್ತ ಓಡಾಡುತ್ತಿದ್ದ ನೆರಳು ಬಾಗಿಲಿನ ಗಾಜಿನ ಮೇಲೆ ಹೋಗಿ ಬಂದು ಮಾಡುತ್ತಿತ್ತು. ಗುಂಡಕ್ಕ ಒಂದು ಬಾಟಲಿ ನೀರನ್ನು ಉಸಿರು ಬಿಡದೆ ಕುಡಿದು, ಖಾಲಿ ಬಾಟಲಿಯನ್ನು ಮುಷ್ಟಿಯಲ್ಲಿ ಹಿಂಡಿದಳು. ಅದು ಲಟಲಟ ಎಂದು ನೆರಿಗೆಯಾಯಿತು. ಈಗ ಹೊಡೆಯುತ್ತಾಳೆ ಎಂದು ಇವಳು ಅಂದುಕೊಂಡಳು. ಹೊಡೆದರೆ ಒಳ್ಳೆಯದೇ ಇತ್ತು.

"ಯಾಕೆ ಹೇಳ್ದೆ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೇನು? ಒಬ್ಬಳ ಮನೆ ಮುರಿಯೋಕೆ ಒಂದು ಕಾರಣಾನೂ ಬೇಡ್ವೇನೇ?"

"ನೀವು ಉಪಕಾರ ಆಯ್ತು ಅನ್ನದೇ ಇದ್ದಿದ್ರೆ ಹೇಳ್ತಿರ್ಲಿಲ್ಲ" ಎಂದಳು. ಎಂದ ಮೇಲೆ ಅದೇ ನಿಜವೆಂದು ಅವಳಿಗೂ ಗೊತ್ತಾಯಿತು.

ಗುಂಡಕ್ಕ ಅವಳನ್ನೇ ನೋಡಿದಳು. ಆಮೇಲೆ ಗಂಟಲಿನಲ್ಲಿ ಕಲ್ಲು ಉರುಳಿದಂತೆ ನಕ್ಕಳು. "ನೋಡು ಮತ್ತೆ! ಅಮ್ಮ ಹೇಳಿಕೊಟ್ಟ ಮರ್ಯಾದೆನೇ ಕುತ್ತಿಗೆಗೆ ಬಂತು." ನಗೆ ಬಂದ ಹಾಗೆಯೇ ಹೋಯಿತು. "ಕೋಚು ನಿನ್ನ ನೋಡಿ ಯಾಕೆ ಅಷ್ಟು ಖುಷಿಪಟ್ರು ಗೊತ್ತಾ? ನಿಂಗೆ ಹುಡುಗೀರು ಇಟ್ಟಿರೋ ಹೆಸರು ಗೊತ್ತಾ? ಗೋಡೆ ಮೇಡಂ. ಈಜೋ ಹುಡುಗಿ ಹೇಳಿದ್ಲಂತೆ, ಆ ಕನ್ನಡಕದ ಮೇಡಂ ಬಂದ್ರೆ ಹೆದರ್ಕೋಬೇಡಿ, ಪಾಪ, ಗೋಡೆ ನೋಡ್ತಾ ನಿಂತಿರ್ತಾರೆ ಅಂತ."

ಕೂತಿದ್ದ ಕುರ್ಚಿ ಸ್ವಲ್ಪ ಕುಸಿದಂತಾಯಿತು. ಗೋಡೆ ಮೇಡಂ. ತನ್ನ ಸಂಕೋಚವನ್ನು ಅವಳು ಯಾರಿಗೂ ಕಾಣದ ಒಳಕೋಣೆ ಎಂದುಕೊಂಡಿದ್ದಳು. ಅದರ ಬಾಗಿಲಿಗೆ ಹೊರಗಿನಿಂದ ಹೆಸರಿನ ಹಲಗೆ ಹಾಕಿ, ಬಂದು ಹೋಗುವವರೆಲ್ಲ ಅದನ್ನು ಓದಿಕೊಂಡು, ಒಳಗೆ ಏನೇನೋ ಇಟ್ಟು ಹೋಗಿದ್ದಾರೆ. ಎಷ್ಟು ಹುಡುಗಿಯರು? ಉದ್ದ ಜಡೆಯ ಓಟದವಳು, ಸೈಕಲ್ಲಿನ ಅವಳಿ, 'ನೀವು ನಮ್ಮ ಅಕ್ಕನ ಥರ ಇದ್ದೀರ' ಎಂದು ಚಾಕಲೇಟು ಕೊಟ್ಟ ಈಜಿನವಳು. ಒಬ್ಬೊಬ್ಬರ ಮುಖವೂ ಅವಳಿಗೆ ಸರಿಯಾಗಿ ನೆನಪಾಗಲಿಲ್ಲ. ಟೈಲುಗಳು ನೆನಪಾದವು, ನೀಲಿ ಹೂವಿನದು, ಬೂದು ಬಣ್ಣದ್ದು, ಒಂದು ಕಡೆ ಟೈಲೇ ಇರದೆ ಬರಿಯ ಸಿಮೆಂಟು. ಉತ್ತರಕ್ಕೆ ಕಾಯದ ಡಾಕ್ಟರಮ್ಮನ ಸೀನು ನೆನಪಾಯಿತು.

"ಅದು ಯಾರದ್ದು?" ಎಂದು ಕೇಳಿದಳು. ಕೇಳಬೇಕೆಂದು ಕೇಳಿದ್ದಲ್ಲ.

"ಬಾಟಲೀಲಿ ಇರೋದಾ? ನನ್ನ ತಂಗೀದು." ಗುಂಡಕ್ಕ ಅಂಗಿಯ ಮೇಲಿನಿಂದಲೇ ಪಕ್ಕೆ ಮುಟ್ಟಿ ತೋರಿಸಿದಳು. "ಚೀಲದಲ್ಲಿ ಹಾಕಿ ಇಲ್ಲಿ ಅಂಟಿಸ್ಕೊಂಡಿದ್ದೆ. ಮೈಯ ಬಿಸಿಗೆ ಬಿಸಿಯಾಗೇ ಇರತ್ತೆ. ಬೆಳಿಗ್ಗೆ ಬಚ್ಚಲಿಂದ ತಂದು ಕೊಟ್ಳು, ಸಿಗ್ಗಿಗೆ ಪೇಪರ್ ಸುತ್ತಿ. ಅವಳಿಗೆ ನಾಚಿಕೆ ಜಾಸ್ತಿ, ನಿನ್ನ ಥರಾನೇ."

"ಅವಳಿಗೆ ಯಾಕೆ ಅಂತ ಗೊತ್ತಿತ್ತಾ?"

"ಗೊತ್ತಿಲ್ಲದೆ ಯಾರಾದ್ರೂ ಅಕ್ಕನಿಗೆ ಉಚ್ಚೆ ಹುಯ್ದು ಕೊಡ್ತಾರೇನೇ?"

ಇಬ್ಬರಿಗೂ ನಗು ಬಂತು. ಬಂದದ್ದಕ್ಕೆ ಇಬ್ಬರಿಗೂ ಆಶ್ಚರ್ಯವಾಗಿ, ಗಾಜಿನ ಮೇಲಿನ ನೆರಳಿನತ್ತ ನೋಡಿದರು. ಗುಂಡಕ್ಕ ಇನ್ನೊಂದು ಬಾಟಲಿಯ ನೀರು ತೆರೆದಳು. ಕುಡಿಯದೆ ಹಿಡಿದುಕೊಂಡು ಕೂತಳು. "ಶಾಲೆ ಮುಗಿದ ವರ್ಷ ಕೋಚು ಒಂದು ಡಬ್ಬಿ ಕೊಟ್ರು. ಶಕ್ತಿ ಮಾತ್ರೆ ಅಂದ್ರು. ನುಂಗಿದೆ. ಗುಂಡು ದೂರ ಬಿತ್ತು. ಆಮೇಲೆ ಮುಟ್ಟು ನಿಂತಿತು. ಒಳ್ಳೇದೇ ಆಯ್ತು, ಅಭ್ಯಾಸಕ್ಕೆ ತೊಂದ್ರೆ ಇಲ್ಲ ಅಂದ್ಕೊಂಡೆ. ಆಮೇಲೆ ಸೂಜಿ. ದನಿ ಒಡೀತು. ಗುಂಡು ಇನ್ನೂ ದೂರ ಬಿತ್ತು. ಆಫೀಸಿನಲ್ಲಿ ಕೆಲಸ ಕೊಟ್ರು, ಹಾರ ಹಾಕಿದ್ರು. ಒಂದಿನ ತಂಗಿ ಅಡುಗೆಮನೇಲಿ ಹಾಡ್ಕೋತಾ ಇದ್ಲು. ನನ್ನ ಹಳೇ ದನಿ ಕಣೇ ಅದು, ಅಚ್ಚು ನಂದೇ. ಸುಮ್ನಿರು ಅಂತ ಕಪಾಳಕ್ಕೆ ಹೊಡ್ದೆ. ಯಾಕೆ ಹೊಡ್ದೆ ಅಂತ ಅವಳು ಕೇಳ್ಲಿಲ್ಲ. ಕೇಳಿದ್ರೆ ಏನ್ ಹೇಳ್ತಿದ್ದೆ?" ಗುಂಡಕ್ಕನ ಕಿವಿಯ ಬಳಿ ನರವೊಂದು ಪಟಪಟ ಹೊಡೆದುಕೊಳ್ಳುತ್ತಿತ್ತು. ಸುಮ್ಮನೆ ಕೂತಿದ್ದರೂ ಓಡುವ ಎದೆ ಅಂದರೆ ಇದೇ ಇರಬೇಕು. ಇವಳು ಅದನ್ನು ನೋಡಿದಳು. ನೋಡುತ್ತಲೇ ಇದ್ದಳು.

ಬಾಗಿಲು ತೆರೆದು ಕೋಚ್ ತಲೆ ಹಾಕಿದರು. ಅವಳು ಅಲ್ಲಿಲ್ಲವೆಂಬಂತೆ ಗುಂಡಕ್ಕನಿಗೆ, "ಕೊಡಲ್ಲ ಅಂದ್ಬಿಡು. ಎದ್ದು ಬಾ. ವಕೀಲರ ಹತ್ರ ಮಾತಾಡಿದ್ದೀನಿ. ಈ ಕತ್ತೆ ಸುಳ್ಳು ಹೇಳಿದ್ಲು ಅನ್ನೋಣ, ಮೊದಲು ಹೂಂ ಅಂದಿದ್ದಕ್ಕೆ ನಾನೇ ಸಾಕ್ಷಿ ಇದ್ದೀನಿ" ಎಂದರು. ಅದು ನಿಜವೂ ಆಗಿತ್ತು. ಹೂಂ ಅಂದಿದ್ದಳು. ಈ ಒಂದು ಮಾತಿನ ಮೇಲೆ ಯಾರು ಬೇಕಾದರೂ ಏನು ಬೇಕಾದರೂ ಕಟ್ಟಬಹುದಿತ್ತು; ಗುಂಡಕ್ಕ ಎದ್ದು ಹೊರಟರೆ ಕೋಚ್ ಹೇಳಿದ್ದೇ ನಡೆಯಬಹುದಿತ್ತು. ಗುಂಡಕ್ಕ ಎದ್ದಳು. ಬಾಗಿಲ ತನಕ ನಡೆದಳು. ಹೋಗಲಿ, ಹೋಗಿಬಿಡಲಿ, ನನ್ನ ಮೇಲೆಯೇ ಬರಲಿ ಎಂದೂ, ಹೋಗಬಾರದು ಎಂದೂ ಇವಳಿಗೆ ಒಂದೇ ಉಸಿರಿನಲ್ಲಿ ಅನಿಸಿತು.

"ಸರ್," ಎಂದಳು ಗುಂಡಕ್ಕ, "ಇಲ್ಲೀವರೆಗೂ ನಂದು ಅಂತ ಕೊಟ್ಟಿದ್ದು ಯಾವ್ದೂ ನಂದಲ್ಲ. ಇದೊಂದಾದ್ರೂ ನಂದೇ ಹೋಗ್ಲಿ." ಬಾಗಿಲನ್ನು ಒಳಗಿನಿಂದ ಮೆಲ್ಲಗೆ ಒತ್ತಿದಳು. ಕೋಚ್ ಮುಖ ಗಾಜಿನಾಚೆ ಮಸುಕಾಯಿತು. "ನಡಿ ಗೋಡೆ ಮೇಡಂ. ಬರ್ತಿದೆ ಅನ್ಸತ್ತೆ."

ಅದೇ ಪಾಯಿಖಾನೆ. ಈ ಸಲ ಅವಳು ಗೋಡೆಗೆ ಬೆನ್ನು ಹಾಕಿ ನಿಂತಳು. ನಿಯಮ ಹೇಳಲು ಬಾಯಿ ತೆರೆದವಳನ್ನು ಗುಂಡಕ್ಕ ಕೈಯೆತ್ತಿ ತಡೆದು, ತಾನೇ ಅಂಗಿಯನ್ನು ಎದೆಯ ತನಕ ಸುತ್ತಿದಳು, ತೋಳು ಮಡಚಿದಳು, ಚಡ್ಡಿ ಇಳಿಸಿದಳು, ಮತ್ತು ತಿರುಗಿ ನಿಲ್ಲದೆ ಎದುರಿಗೇ ನಿಂತಳು. ಪಕ್ಕೆಗೆ ಅಂಟಿಕೊಂಡಿದ್ದ ಖಾಲಿ ಚೀಲವನ್ನು ಪರ್ರನೆ ಕಿತ್ತು ಕಸದ ಬುಟ್ಟಿಗೆ ಹಾಕಿದಳು; ಅಲ್ಲಿ ಅಗಲವಾದ ಕೆಂಪು ಪಟ್ಟಿ ಎದ್ದಿತ್ತು. ಅವಳು ನೋಡಿದಳು. ಭುಜದಿಂದ ಕಂಕುಳಿಗಿಳಿದ, ಬಟ್ಟೆ ಹಿಗ್ಗಿ ಹರಿದಂಥ ಬಿಳಿಯ ಗೆರೆಗಳು. ಮೊಡವೆಗಳು ಒಡೆದು ಕಪ್ಪಗೆ ಉಳಿದ ಗುಳಿಗಳು. ಹೊಕ್ಕುಳಿನಿಂದ ಕೆಳಕ್ಕೆ, ಬೋಳಿಸಿ ಮತ್ತೆ ಮೊಳೆತ ಗಡುಸು ಕೂದಲಿನ ದಾರಿ. ತೊಡೆಯ ಮೇಲ್ಭಾಗದಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಚರ್ಮದ ಗಂಟು. ಕಣ್ಣು ಎಳೆದುಕೊಂಡು ಓಡಲು ನೋಡಿತು. ಬಿಡಲಿಲ್ಲ. ನೋಡುತ್ತ ನೋಡುತ್ತ, ಅದು ಅವಳು ಹೆದರಿದ್ದ ಯಾವುದೂ ಆಗಿರದೆ, ಬೆವರಿದ, ಚಳಿಗೆ ರೋಮವೆದ್ದ, ಹಸಿದ ಒಂದು ಮೈ ಆಗಿತ್ತು.

ಗುಂಡಕ್ಕ ಕಪ್ಪು ಹಿಡಿದು ಬಗ್ಗಿದಳು. ಕಣ್ಣು ಮುಚ್ಚಿದಳು. ಮೇಲೆ ಜನ ಎದ್ದು ಹೊರಡುವ ಸದ್ದು, ಆಟ ಮುಗಿದಿರಬೇಕು. ಏನೂ ಬರಲಿಲ್ಲ.

"ಬರ್ತಿಲ್ಲ."

"ಇರ್ಲಿ ಅಕ್ಕ. ನಿಧಾನಕ್ಕೆ."

"ನೀನು ಹಂಗೆ ಕಣ್ಬಿಟ್ಕೊಂಡು ನಿಂತಿದ್ರೆ ಹೆಂಗ್ ಬರತ್ತೆ?"

"ನೋಡ್ಲೇಬೇಕಲ್ಲ."

"ನೋಡು, ನೋಡು. ಚೆನ್ನಾಗಿ ನೋಡು" ಎಂದಳು ಗುಂಡಕ್ಕ ಹಲ್ಲು ಕಚ್ಚಿ. ಆ ಕಬ್ಬಿಣದ ಗುಂಡನ್ನು ಮರಳಿನಾಚೆಗೆ ಹಾರಿಸಿದ ತೊಡೆಗಳು ನಡುಗತೊಡಗಿದ್ದವು. ಮುಚ್ಚಿದ ರೆಪ್ಪೆಯ ಅಡಿಯಿಂದ ನೀರಿನ ಒಂದು ಎಳೆ ಇಳಿದು ಬ್ಲೇಡು ಆಡಿದ ಗದ್ದದ ಮೇಲೆ ನಿಂತಿತು. ಮೈಯಲ್ಲಿದ್ದ ನೀರೆಲ್ಲ ದಾರಿ ತಪ್ಪಿ ಅಲ್ಲಿಂದಲೇ ಹೋಗುತ್ತದೇನೋ ಎಂದು ಅವಳಿಗೆ ದಿಗಿಲಾಯಿತು. ಏನಾದರೂ ಹೇಳಬೇಕು. ಕ್ಷಮಿಸಿ ಎನ್ನುವುದೋ, ಧೈರ್ಯ ತಗೊಳ್ಳಿ ಎನ್ನುವುದೋ. ಎರಡೂ ಬಾಯಿಗೆ ಬರಲಿಲ್ಲ. ತುಟಿ ಮಾತ್ರ ತಾನಾಗಿ ಸ್ವಲ್ಪ ತೆರೆದು, ಹಲ್ಲಿನ ಸಂದಿಯಿಂದ ಸಣ್ಣಗೆ ಒಂದು ಸದ್ದು ಹೊರಟಿತು.

"ಸ್ಸ್ಸ್ಸ್..."

ಗುಂಡಕ್ಕ ಕಣ್ಣು ತೆರೆದಳು. ಎಳೆಗೂಸನ್ನು ಕಾಲಮೇಲೆ ಕೂರಿಸಿಕೊಂಡ ತಾಯಂದಿರು ಮಾಡುವ ಸದ್ದು. ಮಾಡಿದವಳ ಮುಖ ಕಿವಿಯ ತನಕ ಕೆಂಪಾಗಿತ್ತು. ಆದರೂ ನಿಲ್ಲಿಸಲಿಲ್ಲ.

"ಏಯ್, ನನ್ನ ಅಮ್ಮನೇನೇ ನೀನು!" ಎಂದು ಗುಂಡಕ್ಕ ನಕ್ಕಳು. ಆ ಒಡಕು ದನಿಯ ನಗೆ ಹೊಟ್ಟೆಯಿಂದ ಎದ್ದು ಭುಜವನ್ನು ಕುಲುಕಿಸಿತು, ಮುಖವನ್ನು ತಲುಪುವ ಹೊತ್ತಿಗೆ ಅದು ನಗೆಯಾಗಿ ಉಳಿದಿರಲಿಲ್ಲ. ಆಗ ಬಂತು. ಮೊದಲು ಎರಡು ಹನಿ, ಬೆರಳ ಮೇಲೆ. ಆಮೇಲೆ ತಡೆದು, ಬಿಟ್ಟು, ಜೋರಾಗಿ, ಮತ್ತೆ ಎಳೆಯಾಗಿ. ಆ ಮೈಯಿಂದ ಹೊರಟು ಆ ಕಪ್ಪಿನೊಳಕ್ಕೆ ಬೀಳುವ ತನಕದ ದಾರಿಯನ್ನೆಲ್ಲ ಅವಳು ರೆಪ್ಪೆ ಬಡಿಯದೆ ನೋಡಿದಳು. ಕನ್ನಡಕದ ಒಳಗೆ ಮಂಜು ಕಟ್ಟಿತು; ಒರೆಸಿದರೆ ಕಣ್ಣು ತಪ್ಪೀತೆಂದು ಒರೆಸಲಿಲ್ಲ. ಕಪ್ಪಿನ ಗೆರೆ ದಾಟಿತು. ಇಷ್ಟು ಸಾಕು ಎಂದು ಹೇಳುವುದೂ ಅವಳ ಕೆಲಸವಾಗಿತ್ತು. ಅವಳು ಹೇಳಲಿಲ್ಲ, ಎದೆಯೊಳಗಿನ ಉಸಿರು ಪೂರ್ತಿ ಮುಗಿಯುವ ತನಕ, ಆ ಸದ್ದನ್ನು ಹೊರಡಿಸುತ್ತಲೇ ಇದ್ದಳು.